ಮುತ್ತಾತನಿಗೆ ಪಥ್ಯ

ನಮ್ಮ ದೊಡ್ಡಮಾವನವರು ವರ್ಷಕ್ಕೆ ಒಂದೇ ದಿನ ಉಪ್ಪು ತಿನ್ನುತ್ತಿದ್ದರು. ದೊಡ್ಡಮಾವ ಎಂದರೆ ನನ್ನ ಮಾವನವರ ಅಣ್ಣ, ಮನೆ ಚಿಕ್ಕಬಾಣಾವರದಲ್ಲಿ. ಅವರಿಗೆ ಮೊದಲು ಬಿಪಿ ಬಂತು, ಅದರ ಬೆನ್ನಿಗೇ ಶುಗರ್ ಬಂತು. ಅದೇ ಸುಮಾರಿಗೆ ದೊಡ್ಡತ್ತೆ ಒಂದು ಪ್ರವಚನಕ್ಕೆ ಹೋಗಲು ಶುರುಮಾಡಿ ಮಾಂಸ ಬಿಟ್ಟರು. ಬಿಟ್ಟಿದ್ದು ಅವರು, ಕಳೆದುಕೊಂಡಿದ್ದು ದೊಡ್ಡಮಾವ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರಷ್ಟೆ. ದೊಡ್ಡತ್ತೆ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ; ಉಪ್ಪಿನ ಡಬ್ಬಿಯನ್ನೇ ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಆ ಒಂದು ದಿನವೆಂದರೆ ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಯಂದು ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ, ಅದರ ಮೇಲೆ ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದ ಅಡುಗೆ. ಹಿರಿಯರು ಬಂದು ಉಂಡು ಹೋದರೆಂದು ಆದಮೇಲೆ ಆ ಎಲೆಗಳ ಮುಂದೆ ಮನೆಯವರು ಕೂರುತ್ತಾರೆ. ಯಾರಿಗೆ ಯಾವ ಹಿರಿಯರ ಹೆಸರಿಟ್ಟಿದೆಯೋ ಅವರಿಗೆ ಆ ಎಲೆ. ದೊಡ್ಡಮಾವನವರಿಗೆ ಇಟ್ಟಿದ್ದು ಅವರ ತಾತನ ಹೆಸರು. ನನ್ನ ಗಂಡನಿಗೆ ಅವರು ಮುತ್ತಾತ. ಪುಣ್ಯಕ್ಕೆ ಈ ಮುತ್ತಾತ ಒಳ್ಳೆ ಬಾಯಿರುಚಿಯ ಮನುಷ್ಯ. ಕಾಳುಮೆಣಸು ಹಾಕಿ ಹುರಿದ ಮಾಂಸ, ಎಣ್ಣೆ ಜಿನುಗುವ ಕಜ್ಜಾಯ. ಎಡೆಯ ಊಟವನ್ನು ಬೇಡ ಅನ್ನುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ. ದೊಡ್ಡತ್ತೆಯ ಕಾಯಿದೆ ಆ ಎಲೆಯ ಅಂಚಿನಲ್ಲೇ ನಿಂತುಬಿಡುತ್ತಿತ್ತು.

ದೊಡ್ಡತ್ತೆ ಮಾಂಸ ಬಿಟ್ಟಮೇಲೆ ಎಡೆ ಇಡುವುದು ಯಲಹಂಕದ ನಮ್ಮ ಫ್ಲಾಟಿಗೆ ಬಂತು. ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನದಿಂದಲೇ ದೊಡ್ಡಮಾವನವರ ಫೋನು ಶುರುವಾಗುತ್ತಿತ್ತು. ಪಕ್ಕದ ರೂಮಿನಲ್ಲಿ ದೊಡ್ಡತ್ತೆ ಇರುತ್ತಿದ್ದರಿಂದ ಪಿಸುದನಿ.

"ಏನವ್ವಾ, ಮೆಣಸು ತಂದು ಮಡಗಿದ್ಯಾ?"

"ತಂದಿದೀನಿ ಮಾವ."

"ಕುಟ್ಟಿ ಆಕ್ಬೇಕು ಕಣವ್ವಾ. ಪ್ಯಾಕೆಟ್ ಪುಡಿ ಬ್ಯಾಡ. ತಾತಂಗೆ ಆಗಲ್ಲ."

ತಾತ ತೀರಿಕೊಂಡ ಕಾಲಕ್ಕೆ ಪ್ಯಾಕೆಟ್ ಪುಡಿ ಇತ್ತೇ ಎಂದು ನಾನು ಕೇಳುತ್ತಿರಲಿಲ್ಲ.

ನಾನು ಆರ್.ಟಿ. ನಗರದವಳು, ಕಾನ್ವೆಂಟಿನಲ್ಲಿ ಓದಿದವಳು. ಹಾಳೆಯ ಎಡಗಡೆ ಸ್ಕೇಲಿಟ್ಟು ಗೀಟು ಎಳೆಯುವುದು, ಕರ್ಚೀಫಿನ ಅಂಚಿಗೆ ಹೂ ಹೊಲಿಯುವುದು, ಬರೆದುಕೊಟ್ಟಿದ್ದನ್ನು ಬರೆದ ಹಾಗೇ ಮಾಡುವುದು, ಇವು ಅಲ್ಲಿ ಕಲಿತ ವಿದ್ಯೆಗಳು. ತವರಿನಲ್ಲಿ ಆ ಅಮಾವಾಸ್ಯೆಗೆ ಪಾಯಸ, ವಡೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹಾಗಾಗಿ ಮದುವೆಯಾದ ಮೇಲೆ ಎಷ್ಟೋ ವರ್ಷ ನನ್ನ ಪಾಲಿಗೆ ಬೆಳ್ಳುಳ್ಳಿ ಸುಲಿಯುವ ಕೆಲಸ ಮಾತ್ರ. ಯಾರ ಎಲೆಗೆ ಏನು ಎಂಬುದು ಅತ್ತೆಯ ಜವಾಬ್ದಾರಿ. ಅವರು ಹಾಲಿನ ಬಾಗಿಲು ಮುಂದಕ್ಕೆ ಹಾಕಿಕೊಂಡು ಒಬ್ಬರೇ ಬಡಿಸುತ್ತಿದ್ದರು.

ಅದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು ಎನ್ನುವುದು ನನ್ನ ಮೈದುನನ ಆಸೆ. ಅವನ ಆಫೀಸು ಹೆಬ್ಬಾಳದ ಹತ್ತಿರ, ಡೇಟಾಬೇಸ್ ಕೆಲಸ. ಒಂದು ವರ್ಷ ಹಬ್ಬ ಕಳೆದಮೇಲೆ ಅಮ್ಮನ ಪಕ್ಕ ಕೂತು, ಅವರು ಹೇಳಿದ್ದನ್ನೆಲ್ಲ ಯಾವುದೋ ಬಿಟ್ಟಿ ಕ್ಲೌಡ್ ಡೇಟಾಬೇಸಿಗೆ ಹಾಕಿದ್ದ. ಅತ್ತೆ ಸತ್ತವರ ಜೊತೆಗೆ ಬದುಕಿರುವವರನ್ನೂ ಬರೆಸಿದರು. ನೆಂಟರು ಊಟಕ್ಕೆ ಬಂದರೆ ಯಾರು ಬದನೆಕಾಯಿ ಮುಟ್ಟುವುದಿಲ್ಲ, ಯಾರಿಗೆ ಹಲ್ಲಿಲ್ಲ, ಯಾರಿಗೆ ಪಥ್ಯ, ಯಾರ ಫೋನ್ ನಂಬರು ಯಾವುದು, ಎಲ್ಲ.

"ಅಮ್ಮ, ಹೋಗಿರೋರು ಬೇರೆ, ಇರೋರು ಬೇರೆ ಮಾಡೋಣ್ವಾ?" ಎಂದು ಅವನು ಕೇಳಿದ್ದಕ್ಕೆ, "ಯಾಕ್ಲಾ ಬ್ಯಾರೆ ಮಾಡ್ತೀಯ? ಎಲ್ರೂ ಉಣ್ಣೋರೇ," ಎಂದಿದ್ದರು.

ಮೆಟ್ರೊ ಯಶವಂತಪುರ ದಾಟಿ ಓಡಾಡುತ್ತಿದ್ದ ಕಾಲ ಅದು. ಹಬ್ಬಕ್ಕೆ ಇನ್ನೂ ದಿನವಿರುವಾಗ ಒಂದು ಭಾನುವಾರ ಮೈದುನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಊಟದ ಟೇಬಲ್ಲಿನ ಮೇಲೆ ಬಿಚ್ಚಿದ.

"ಅತ್ತಿಗೆ, ಆ ಕ್ಲೌಡ್‌ನವರು ಅಂಗಡಿ ಮುಚ್ತಿದ್ದಾರಂತೆ, ಮೇಲ್ ಬಂದಿದೆ. ಅಷ್ಟರೊಳಗೆ ನಮ್ ಹಿರಿಯರನ್ನೆಲ್ಲ ಖಾಲಿ ಮಾಡಿಸ್ಬೇಕು."

ಅತ್ತೆಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಒರಗಿದ್ದವರು ಅಲ್ಲಿಂದಲೇ ಗಾಬರಿಯಾದರು. "ಎಲ್ಲಿಗ್ಲಾ ಸಾಗಿಸ್ತೀಯ ಅವ್ರನ್ನ?"

"ಇಲ್ಲೇ, ನನ್ ಲ್ಯಾಪ್‌ಟಾಪ್‌ಗೆ. ರಿಲೇಷನಲ್ ಡೇಟಾಬೇಸ್ ಮಾಡ್ತೀನಿ. ಪೆನ್‌ಡ್ರೈವ್‌ನಲ್ಲಿ ಒಂದು ಬ್ಯಾಕಪ್. ಇನ್ನು ಯಾರ್ ಅಂಗಡಿ ಮುಚ್ಚಿದ್ರೂ ನಮಗೇನು?"

ನನಗೆ ಅರ್ಥವಾಗಲೆಂದು ಅಡುಗೆಮನೆಯ ಉದಾಹರಣೆ ಕೊಟ್ಟ. ಇಷ್ಟು ದಿನ ಇದ್ದದ್ದು ಬಟ್ಟೆಯ ಚೀಲದ ಹಾಗೆ. ಒಬ್ಬೊಬ್ಬರಿಗೂ ಒಂದು ಚೀಟಿ, ಚೀಟಿಯಲ್ಲಿ ಏನು ಬೇಕಾದರೂ ಬರೆಯಬಹುದು. ಈಗ ಮಾಡುವುದು ಒಗ್ಗರಣೆ ಡಬ್ಬಿಯ ಹಾಗೆ. ಸಾಸಿವೆಗೆ ಸಾಸಿವೆಯ ಬಟ್ಟಲು, ಜೀರಿಗೆಗೆ ಜೀರಿಗೆಯದು. ಹೆಸರಿಗೊಂದು ಜಾಗ, ಇಷ್ಟಕ್ಕೊಂದು, ಪಥ್ಯಕ್ಕೊಂದು. ಒಬ್ಬ ಮನುಷ್ಯ ಒಂದೇ ಸಾಲಿನಲ್ಲಿರಬೇಕು, ಎರಡನೇ ಸಲ ಬಂದರೆ ಡಬ್ಬಿ ಒಳಕ್ಕೆ ಬಿಡುವುದಿಲ್ಲ.

"ಇಬ್ಬರಿಗೆ ಒಂದೇ ಹೆಸರಿದ್ದರೆ?" ಎಂದೆ. ಬೆಳ್ಳುಳ್ಳಿ ಸುಲಿಯುತ್ತಾ ಇಂಥ ಬುದ್ಧಿವಂತ ಪ್ರಶ್ನೆ ಕೇಳಿದ್ದಕ್ಕೆ ನನಗೇ ಹೆಮ್ಮೆಯಾಯಿತು.

"ಅದಕ್ಕೇ ಹೆಸ್ರು, ಅಪ್ಪನ್ ಹೆಸ್ರು, ಊರು, ಮೂರೂ ನೋಡತ್ತೆ. ಮೂರೂ ಒಂದೇ ಆಗೋಕೆ ಚಾನ್ಸೇ ಇಲ್ಲ, ಅತ್ತಿಗೆ."

ಚಾನ್ಸ್ ಇತ್ತು. ನಮ್ಮ ವಂಶದಲ್ಲಿ ಹಿರಿಯ ಮಗನಿಗೆ ತಾತನ ಹೆಸರಿಡುತ್ತಾರೆ. ಹಾಗಾಗಿ ಅಬ್ಬಿಗೆರೆಯ ಹಳೇ ಮನೆಯಲ್ಲಿ ಎರಡೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಒಂದರ ನಂತರ ಒಂದು ಬರುತ್ತಿದ್ದವು. ಮುತ್ತಾತನ ಅಪ್ಪನ ಹೆಸರು ದೊಡ್ಡಮಾವನವರ ಅಪ್ಪನಿಗೂ ಬಂತು, ಮುತ್ತಾತನ ಹೆಸರು ದೊಡ್ಡಮಾವನವರಿಗೆ ಬಂತು. ಹೆಸರು ಒಂದೇ, ಅಪ್ಪನ ಹೆಸರು ಒಂದೇ, ಹುಟ್ಟಿದ ಊರು ಒಂದೇ. ಒಬ್ಬರು ಗೋಡೆಯ ಮೇಲಿನ ಫೋಟೋದಲ್ಲಿದ್ದರು, ಇನ್ನೊಬ್ಬರು ಚಿಕ್ಕಬಾಣಾವರದಲ್ಲಿ ಉಪ್ಪಿಲ್ಲದ ಸಾರು ಉಣ್ಣುತ್ತಿದ್ದರು.

ಇದು ಮೈದುನನಿಗೆ ಯಾಕೆ ಹೊಳೆಯಲಿಲ್ಲ ಎಂದರೆ, ದೊಡ್ಡಪ್ಪನಿಗೆ ದೊಡ್ಡಪ್ಪ ಅಲ್ಲದೆ ಬೇರೆ ಹೆಸರೊಂದಿದೆ ಎಂದು ಅವನು ಯಾವತ್ತೂ ಯೋಚಿಸಿದವನಲ್ಲ. ಅತ್ತೆಯಂತೂ ಗಂಡನ ಅಣ್ಣನ ಹೆಸರನ್ನು ಬಾಯಲ್ಲಿ ಹೇಳುವವರೇ ಅಲ್ಲ. ಬರೆಸುವಾಗಲೂ "ಆಗ್ಲೇ ಏಳಿದ್ನಲ್ಲ, ಅದೇ ಹೆಸ್ರು ಆಕು" ಎಂದು ದಾಟಿಸಿದ್ದರಂತೆ.

ಲ್ಯಾಪ್‌ಟಾಪಿನಲ್ಲಿ ಒಂದು ಕೆಂಪು ಸಾಲು ಬಂತು. ಮೈದುನ ನಕ್ಕ. "ನೋಡಿ, ಅಮ್ಮ ಒಬ್ರನ್ನೇ ಎರಡು ಸಲ ಬರೆಸಿದ್ದಾರೆ. ಸೇರಿಸಿಬಿಡ್ತೀನಿ. ಇಷ್ಟ ಎರಡರದ್ದೂ ಕೂಡ್ಕೊಳತ್ತೆ, ಒಂದರಲ್ಲಿ ಖಾಲಿ ಇರೋದು ಇನ್ನೊಂದರಿಂದ ತುಂಬ್ಕೊಳತ್ತೆ. ಏನೂ ಕಳ್ದೋಗಲ್ಲ."

"ಜಾಣ," ಎಂದೆ ನಾನು. ಅವನಿಗೆ ಕಾಫಿ ಮಾಡಿಕೊಟ್ಟೆ.

ಅತ್ತೆಯನ್ನು ಒಲೆಯ ಹೊಗೆಗೆ ಬಿಡಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದರಿಂದ ಆ ವರ್ಷದ ಎಡೆ ನನ್ನ ಪಾಲಿಗೆ ಬಂತು. ಮೈದುನ ಹೊಸ ಡೇಟಾಬೇಸಿನಿಂದ ಹೋಗಿರುವವರ ಸಾಲುಗಳನ್ನಷ್ಟೇ ಪ್ರಿಂಟ್ ತೆಗೆದುಕೊಟ್ಟ. ಹಾಳೆ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಬೋರ್ಡಿಗೆ ಅಂಟಿಸುತ್ತಿದ್ದರು. ನೇರವಾದ ಗೀಟುಗಳು, ಸಮನಾದ ಚೌಕಗಳು. ಎಲ್ಲರ ಪಥ್ಯದ ಚೌಕವೂ ಖಾಲಿ, ಮುತ್ತಾತನದೊಂದು ಬಿಟ್ಟು. ಅವರ ಸಾಲಿನಲ್ಲಿ ಹೀಗಿತ್ತು. ಇಷ್ಟ: ಮೆಣಸಿನ ಮಾಂಸ, ಕಜ್ಜಾಯ, ಬೀಡಿ, ಓಟ್ಸ್ ಗಂಜಿ. ಪಥ್ಯ: ಉಪ್ಪು ಬೇಡ, ಎಣ್ಣೆ ಬೇಡ, ಬೆಲ್ಲ ಬೇಡ.

ಓಟ್ಸ್ ನೋಡಿ ನನಗೆ ಅನುಮಾನ ಬಂತು. ಗಂಡನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ ಸ್ವಲ್ಪ ಯೋಚಿಸಿದರು.

"ಮುತ್ತಾತ ದಂಡಿನಲ್ಲಿ ಕುದುರೆ ಲಾಯದ ಕೆಲಸಕ್ಕಿದ್ರಂತೆ ಕಣೆ. ದೊರೆಗಳ ಕುದುರೆಗೆ ಓಟ್ಸ್ ತಾನೆ ಹಾಕೋದು? ಅಲ್ಲೇ ರುಚಿ ಹತ್ತಿರ್ಬೇಕು."

ಇಷ್ಟು ಸಮಂಜಸವಾದ ಉತ್ತರ ನನ್ನ ಗಂಡ ನನಗೆ ಅಪರೂಪಕ್ಕೆ ಕೊಡುತ್ತಾರೆ. ಆದರೂ ಸಮಾಧಾನಕ್ಕೆ ಅತ್ತೆಯನ್ನೂ ಕೇಳಿದೆ. "ಅತ್ತೆ, ಪಥ್ಯ ಅಂತ ಇದ್ದರೆ ಎಡೆಗೂ ಪಥ್ಯದ ಅಡುಗೆಯನ್ನೇ ಇಡಬೇಕಾ?"

"ನಾನು ಏನೇನು ಬರ್ಸಿವ್ನೋ ಅಂಗೇ ಮಡಗು, ಮಗಾ. ಒಂಚೂರೂ ಆಚೆ ಈಚೆ ಮಾಡ್ಬ್ಯಾಡ."

ಮಾಡಲಿಲ್ಲ. ಮುತ್ತಾತನ ಪಾಲಿನ ಮಾಂಸವನ್ನು ಬೇರೆ ಬಾಣಲೆಯಲ್ಲಿ ನೀರಿನಲ್ಲೇ ಬೇಯಿಸಿ, ಎಣ್ಣೆಯಿಲ್ಲದೆ ಬಾಡಿಸಿ, ಕುಟ್ಟಿದ ಮೆಣಸು ಉದುರಿಸಿದೆ. ಬೆಲ್ಲವೂ ಇಲ್ಲದ, ಎಣ್ಣೆಯೂ ಇಲ್ಲದ ಕಜ್ಜಾಯ ಹೇಗೆ ಮಾಡುವುದೆಂದು ತುಂಬ ಹೊತ್ತು ನಿಂತು ಯೋಚಿಸಿ, ಅಕ್ಕಿಹಿಟ್ಟನ್ನು ಬರೀ ನೀರಲ್ಲಿ ಕಲಸಿ ಹೆಂಚಿನ ಮೇಲೆ ತಟ್ಟಿದೆ. ಅದು ಬಿಳಿಚಿಕೊಂಡು, ಯಾರೋ ಬೈದ ಹಾಗೆ ಮೂಲೆಗಳನ್ನು ಮುದುರಿಕೊಂಡಿತು. ಓಟ್ಸ್ ಗಂಜಿಯನ್ನು ದೊನ್ನೆಯಲ್ಲಿ ಬಿಟ್ಟೆ. ಎಡೆಯ ಅಡುಗೆಯನ್ನು ಮೊದಲೇ ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಅದು ಹೇಗಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಮಾವ ಬೆಳಗ್ಗೆಯೇ ಬಂದಿಳಿದರು. ಇಸ್ತ್ರಿ ಗೆರೆ ಎದ್ದು ಕಾಣುವ ಬಿಳಿ ಷರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ನಾಲ್ಕು ದಿನದಿಂದ ಹಸಿದವರ ಕಳೆ. ಹಿಂದೆಯೇ ದೊಡ್ಡತ್ತೆ, ತಮ್ಮ ಊಟವನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಚಪ್ಪಲಿ ಬಿಡುವ ಮೊದಲೇ ದೊಡ್ಡಮಾವ ಮೂಗೆತ್ತಿ ವಾಸನೆ ಹಿಡಿದು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಎಲೆಗಳನ್ನಿಟ್ಟು, ಫೋಟೋಗಳಿಗೆ ಹೂ ಮುಡಿಸಿ, ಧೂಪ ಹಾಕಿದ ಮೇಲೆ ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲೆಳೆದುಕೊಳ್ಳಬೇಕು. ಹಳೇ ಮನೆಯಲ್ಲಾದರೆ ಜಗಲಿಯ ಮೇಲೆ ಕೂರುತ್ತಿದ್ದರಂತೆ. ಫ್ಲಾಟಿನಲ್ಲಿ ಲಿಫ್ಟಿನ ಮುಂದೆ ಸಾಲಾಗಿ ನಿಂತೆವು. ಮೇಲಿನ ಮಹಡಿಯ ಆಂಟಿ ಮೆಟ್ಟಿಲಿಳಿಯುತ್ತಾ ಬಂದವರು ನಮ್ಮನ್ನು ನೋಡಿ ನಿಂತರು.

"ಅಯ್ಯೋ, ಬಾಗಿಲು ಲಾಕ್ ಆಗೋಯ್ತಾ? ಬೀಗದೋನ ನಂಬರಿದೆ, ಕೊಡ್ಲಾ?"

"ಇಲ್ಲ ಆಂಟಿ, ಒಳಗೆ ಹಿರಿಯರು ಊಟ ಮಾಡ್ತಿದ್ದಾರೆ," ಎಂದರು ನನ್ನ ಗಂಡ.

"ಮತ್ತೆ ನೀವೆಲ್ಲ ಯಾಕೆ ಹೊರಗೆ?"

"ಅವ್ರಿಗೆ ನಾಚಿಕೆ."

ಆಂಟಿ ತಲೆಯಾಡಿಸಿ ಇಳಿದುಹೋದರು.

ಮನೆಗೆ ಹಿರಿಯರಾದ ದೊಡ್ಡಮಾವ ಜೋರಾಗಿ ಕೆಮ್ಮಿ, ಬಾಗಿಲು ತಟ್ಟಿ, ಒಳಗಿರುವವರಿಗೆ ಸೂಚನೆ ಕೊಟ್ಟು ತೆರೆದರು. ತಾತನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಕೈಮುಗಿದು, ಒಂದು ತುಂಡು ಬಾಯಿಗಿಟ್ಟು ಕಣ್ಣುಮುಚ್ಚಿದರು.

ಮುಚ್ಚಿದ ಕಣ್ಣು ತೆರೆಯಲು ಹೊತ್ತು ಹಿಡಿಯಿತು. ನಿಧಾನವಾಗಿ ಅಗಿದರು. ಎಲೆಯ ತುದಿಯಲ್ಲಿ ಉಪ್ಪು ಬಡಿಸುವ ಜಾಗಕ್ಕೆ ಬೆರಳು ಹೋಯಿತು. ಅಲ್ಲಿ ಬಾಳೆಲೆಯ ಹಸಿರು ಮಾತ್ರ ಇತ್ತು. ಕಜ್ಜಾಯ ಮುರಿದರು. ಅದು ಮುರಿಯದೆ ಜಗ್ಗಿತು. ಕೊನೆಗೆ ದೊನ್ನೆ ಎತ್ತಿ ಮೂಸಿದರು.

"ಇದೇನವ್ವಾ?"

"ಓಟ್ಸ್ ಗಂಜಿ, ಮಾವ."

ಅವರು ಹೆಂಡತಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಪಿಸುದನಿಯಲ್ಲಿ ಕೇಳಿದರು, "ಇವ್ಳು ಈ ಎಲೆಗೂ ಬಂದ್ಲಾ?"

ದೊಡ್ಡತ್ತೆ ಬಗ್ಗಿ ಗಂಜಿಯನ್ನು ಬೆರಳಲ್ಲಿ ನೆಕ್ಕಿ ನೋಡಿದರು. ಮುಖ ಅರಳಿತು. "ಅದವಾಗೈತೆ ಕಣವ್ವಾ! ಓಗ್ಲಿ, ತಾತಂಗಾದ್ರೂ ಬುದ್ಧಿ ಬಂತಲ್ಲ."

"ತಾತ ಉಂಡಿಲ್ಲ," ಎಂದು ಘೋಷಿಸಿದರು ದೊಡ್ಡಮಾವ. "ಬಂದವ್ರೆ, ನೋಡವ್ರೆ, ಎದ್ದೋಗವ್ರೆ. ಬಾಡಲ್ಲಿ ಉಪ್ಪೇ ಇಲ್ಲ."

ಸೋಫಾದಲ್ಲಿದ್ದ ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದಲೇ ಎದ್ದು ಕೂತರು. "ಉಪ್ಪಿಲ್ವಾ? ಯಾರೇ ಏಳಿದ್ದು ಉಪ್ಪು ಬ್ಯಾಡ ಅಂತ?"

"ನೀವೇ ಬರೆಸಿದ್ದು, ಅತ್ತೆ," ಎಂದು ನಾನು ಹಾಳೆ ತೋರಿಸಿದೆ. ಮೊದಲ ಸಲ ಎಡೆ ಇಟ್ಟವಳು ಹಿರಿಯರನ್ನು ಉಪವಾಸ ಕಳಿಸಿದಳು ಎಂದಾದರೆ, ಅದು ಚಿಕ್ಕಬಾಣಾವರದಿಂದ ಅಬ್ಬಿಗೆರೆಯವರೆಗೆ ಮಧ್ಯಾಹ್ನದೊಳಗೇ ತಲುಪುತ್ತಿತ್ತು.

ಮೈದುನ ಓಡಿಹೋಗಿ ಲ್ಯಾಪ್‌ಟಾಪ್ ತಂದ. "ತಪ್ಪಾಗೋಕೆ ಚಾನ್ಸೇ ಇಲ್ಲ. ನೋಡಿ, ಮುತ್ತಾತ. ಊರು ಅಬ್ಬಿಗೆರೆ. ಹೋಗಿದ್ದಾರೆ. ಪಥ್ಯ ಇದೆ. ಫೋನ್ ನಂಬರ್..." ಅಲ್ಲಿಗೆ ನಿಂತ.



"ಮುತ್ತಾತಂಗೆ ಮೊಬೈಲ್ ಯಾವಾಗ್ ಬಂತೋ?" ಎಂದರು ನನ್ನ ಗಂಡ.

ಮೈದುನ ಆ ನಂಬರನ್ನು ಒತ್ತಿ ಕಿವಿಗಿಟ್ಟುಕೊಂಡ. ನಾವೆಲ್ಲ ಗೋಡೆಯ ಮೇಲಿದ್ದ ಮುತ್ತಾತನ ಫೋಟೋ ನೋಡುತ್ತಾ ನಿಂತೆವು. ಫೋನ್ ರಿಂಗಾಗಿದ್ದು ದೊಡ್ಡಮಾವನವರ ಷರ್ಟಿನ ಜೇಬಿನಲ್ಲಿ. ಅವರು ಎಂಜಲು ಕೈ ಆಚೆ ಹಿಡಿದು, ಎಡಗೈಯಲ್ಲಿ ತೆಗೆದು, "ಅಲೋ, ಯಾರು?" ಎಂದರು.

"ದೊಡ್ಡಪ್ಪ, ನಾನು," ಎಂದ ಮೈದುನ, ಫೋನಿನಲ್ಲೇ.

"ಊಟಕ್ ಕೂತಿವ್ನಿ, ಆಮ್ಯಾಕ್ ಮಾಡ್ಲಾ," ಎಂದು ಇಟ್ಟುಬಿಟ್ಟರು.

ಆಮೇಲೆ ಇಡೀ ಕತೆ ಹೊರಬಂತು. ದೊಡ್ಡಮಾವ ಗಂಭೀರವಾಗಿ ಕೇಳಿದರು, "ಅಂದ್ರೆ ನಾನು ಸತ್ತೋಗಿವ್ನಾ?"

"ಛೆ, ಇಲ್ಲ ದೊಡ್ಡಪ್ಪ. ಮರ್ಜ್ ಆಗಿದ್ದೀರ ಅಷ್ಟೆ."

"ಅಂಗಂದ್ರೆ?"

"ನಿಮ್ಮ ತಾತನ ಜೊತೆ ಸೇರ್ಕೊಂಡಿದ್ದೀರ."

"ಅದ್ಕೇ ಅಲ್ವೇನ್ಲಾ ಸತ್ತೋದ ಅನ್ನೋದು!"

ಹಳೆಯ ಚೀಟಿಗಳನ್ನು ನೋಡೋಣವೆಂದರೆ ಕ್ಲೌಡ್‌ನವರು ಆಗಲೇ ಬಾಗಿಲು ಹಾಕಿದ್ದರು. ಪೆನ್‌ಡ್ರೈವ್ ಬ್ಯಾಕಪ್ಪಿನಲ್ಲೂ ಇಬ್ಬರೂ ಒಂದಾಗಿಯೇ ಕೂತಿದ್ದರು.

ಅತ್ತೆ ತೀರ್ಪು ಕೊಟ್ಟರು. "ಬ್ಯಾರೆ ಎಲೆ ಆಕಿ ಮತ್ತೆ ಮಡಗವ."

"ಒಂದ್ ಕಿತ ಮಡಗಿದ್ಮ್ಯಾಲೆ ಮುಗೀತು ಕಣವ್ವಾ," ಎಂದು ದೊಡ್ಡತ್ತೆ ಅಡ್ಡ ಬಂದರು. "ತಾತಂಗೂ ವಯ್ಸಾಗೈತೆ. ಉಪ್ಪು ಯಾಕೆ?"

"ಅಕ್ಕಾ, ತೀರ್ಕಂಡೋರ್ಗೆ ಬಿಪಿ ಇರಲ್ಲ," ಎಂದರು ಅತ್ತೆ. ಅಲ್ಲಿಗೆ ಆ ವಾದ ಮುಗಿಯಿತು.

ನಾನು ಅಡುಗೆಮನೆಗೆ ಓಡಿದೆ. ಉಳಿದಿದ್ದ ಮಾಂಸಕ್ಕೆ ಎಣ್ಣೆ ಧಾರಾಳವಾಗಿ ಬಿಟ್ಟು, ಉಪ್ಪು, ಮೆಣಸು ಹಾಕಿ, ಅಂಚು ಕಪ್ಪಾಗುವವರೆಗೆ ಹುರಿದೆ. ಬೆಲ್ಲದ ಕಜ್ಜಾಯ ಬೇರೆ ಹಿರಿಯರಿಗೆಂದು ಮಾಡಿದ್ದು ಇತ್ತು. ಹೊಸ ಎಲೆ, ಹೊಸ ಧೂಪ. ಮತ್ತೆ ಎಲ್ಲರೂ ಲಿಫ್ಟಿನ ಮುಂದೆ.

ಈ ಸಲ ಮೈದುನ ಲ್ಯಾಪ್‌ಟಾಪನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಇಬ್ಬರನ್ನು ಬಿಡಿಸಲು ಕೂತ. ಒಂದೊಂದನ್ನೇ ಓದುವುದು, ಯಾರದು ಎಂದು ನಾವು ಹೇಳುವುದು.

"ಓಟ್ಸ್?"

"ನಮ್ಮೋರ್ದು," ಎಂದರು ದೊಡ್ಡತ್ತೆ.

"ನಂದಲ್ಲ. ನೀನೇ ಏಳಿ ಬರ್ಸಿರ್ತೀಯ," ಎಂದರು ದೊಡ್ಡಮಾವ.

"ಬೀಡಿ?"

"ತಾತಂದು!" ದೊಡ್ಡಮಾವನವರ ಉತ್ತರ ಎಷ್ಟು ಬೇಗ ಬಂತೆಂದರೆ ದೊಡ್ಡತ್ತೆ ತಿರುಗಿ ನೋಡಿದರು.

ಮುಂದೆ ಇಂಥದ್ದು ಆಗದಂತೆ ಒಬ್ಬೊಬ್ಬರಿಗೂ ಒಂದು ನಂಬರು ಕೊಡುತ್ತೇನೆ ಎಂದ ಮೈದುನ. ತಾತನಿಗಿಂತ ಮೊದಲಿನ ನಂಬರು ತನಗೆ ಬೇಡ, ಅದು ಮರ್ಯಾದೆಯಲ್ಲ ಎಂದು ದೊಡ್ಡಮಾವ ಹಟ ಹಿಡಿದರು. ತಮ್ಮ ಸಾಲಿನಲ್ಲಿ "ಇದ್ದಾರೆ" ಎಂದು ಬರೆಸಿ, ಕನ್ನಡಕ ಹಾಕಿಕೊಂಡು ಓದಿ, ನನ್ನ ಗಂಡನ ಕೈಯಲ್ಲೂ ಓದಿಸಿದರು. ಅಷ್ಟರಲ್ಲಿ ತರಕಾರಿ ಚೀಲ ಹೊತ್ತ ಆಂಟಿ ಲಿಫ್ಟಿನಿಂದ ಹೊರಗೆ ಬಂದರು.

"ಇನ್ನೂ ಊಟ ಮಾಡ್ತಿದ್ದಾರಾ ಅವ್ರು?"

"ಉಪ್ಪು ಸಾಲ್ಲಿಲ್ಲ ಅಂತ ಎದ್ದು ಹೋಗಿದ್ರು ಆಂಟಿ. ಮತ್ತೆ ಕರೆಸಿದ್ವಿ," ಎಂದರು ನನ್ನ ಗಂಡ.

ದೊಡ್ಡಮಾವ ಕೆಮ್ಮಿ ಬಾಗಿಲು ತೆರೆದರು. ಮಾಂಸದ ಮೇಲಿನ ಎಣ್ಣೆ ದೀಪದ ಬೆಳಕಿಗೆ ಮಿನುಗುತ್ತಿತ್ತು. ಅವರು ಎಲೆಯ ಮುಂದೆ ಕೂರುವಷ್ಟರಲ್ಲಿ ದೊಡ್ಡತ್ತೆ ಬಂದು ಎದುರಿಗೆ ನಿಂತರು.

"ಈಗ ಇಬ್ರೂ ಬ್ಯಾರೆ ಬ್ಯಾರೆ ಆದ್ರಲ್ಲ. ನಿಮ್ ಸಾಲಲ್ಲಿ ಉಪ್ಪು ಬ್ಯಾಡ ಅಂತ ಐತೆ. ನಾನೇ ನೋಡ್ದೆ."

ಅವರು ಹೇಳಿದ್ದು ಸುಳ್ಳಲ್ಲ. ದೊಡ್ಡಮಾವ ಎಲೆಯನ್ನು ನೋಡಿದರು, ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಮೈದುನನನ್ನು ನೋಡಿದರು.

"ಐತೆ, ಇರ್ಲಿ. ಅವ್ನು ಚಿಕ್ಕಬಾಣಾವರದಾಗೆ ಅವ್ನೆ. ಈ ಎಲೆ ಮುಂದೆ ಕೂತಿರೋನು ನಾನು, ನಿನ್ ಗಂಡನ ತಾತ," ಎಂದು ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ, ಕಣ್ಣಲ್ಲಿ ನೀರಾಡಿತು. ಮೆಣಸು ಸ್ವಲ್ಪ ಜಾಸ್ತಿಯಾಗಿತ್ತು.

ದೊಡ್ಡತ್ತೆ ಸೋಲೊಪ್ಪದೆ ಗೋಡೆಯ ಫೋಟೋ ಕಡೆ ತಿರುಗಿ ಕೈಮುಗಿದರು. "ತಾತಾ, ಇವ್ರು ನನ್ ಮಾತಂತೂ ಕೇಳಲ್ಲ. ಇವ್ರ ಬಿಪಿನ ನೀವೇ ನೋಡ್ಕಳಿ."

"ಆಗ್ಲಿ, ನೋಡ್ಕತೀನಿ ಓಗು ತಾಯಿ," ಎಂದರು ದೊಡ್ಡಮಾವ, ಬಾಯ್ತುಂಬ ಮಾಂಸ ಇಟ್ಟುಕೊಂಡು, ದಪ್ಪ ದನಿಯಲ್ಲಿ.

ದೊಡ್ಡತ್ತೆ ಥಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.